ಕಾಳಿನ ಪೆಟ್ಟಿಗೆ ಏಕೆ ಸೀಳುತ್ತದೆ?



'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಎಂದು ನಾವೆಲ್ಲ ಮಕ್ಕಳಿಗೆ ಬುದ್ಧಿ ಹೇಳುತ್ತೇವೆ. ಮಕ್ಕಳ ಮಟ್ಟಿಗೆ ಈ ಮಾತು ನಿಜವಿರಬಹುದು. ಆದರೆ ಮರದ ಮಟ್ಟಿಗೆ ಪೂರಾ ನಿಜವಲ್ಲ. ಮರವನ್ನು ಕಡಿದು, ಕೊಯ್ದು, ಹಲಗೆ ಮಾಡಿ, ಪೆಟ್ಟಿಗೆ ಕಟ್ಟಿ ಮೂಲೆಯಲ್ಲಿಟ್ಟ ಮೇಲೂ ಅದು ಬಗ್ಗುತ್ತದೆ. ಮಳೆಗಾಲದಲ್ಲಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಇದನ್ನು ಅರಿತು ಮಾಡಿಸಿದ ಪೆಟ್ಟಿಗೆ ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ. ಅರಿಯದೆ ಮಾಡಿಸಿದ್ದು ಒಂದೇ ಬೇಸಿಗೆಗೆ ಸೀಳುತ್ತದೆ. ಈ ವಿಚಾರವನ್ನೇ ಇವತ್ತು ನಿಮ್ಮೊಡನೆ ಮಾತಾಡೋಣ ಅಂತ ಬಂದಿದ್ದೇನೆ.

ಒಂದು ಸಂಸಾರವನ್ನು ಮನಸ್ಸಿಗೆ ತಂದುಕೊಳ್ಳಿ. ಸಕಲೇಶಪುರದ ಕಡೆಯ ಒಬ್ಬ ತಂದೆ ಮಗಳನ್ನು ಚಿತ್ರದುರ್ಗದ ಕಡೆಗೆ ಕೊಟ್ಟಿದ್ದಾನೆ. ಮಳೆಗಾಲದಲ್ಲಿ ಕೈಗೆ ಬಿಡುವಾದಾಗ ಆಚಾರಿಯನ್ನು ಕರೆಸಿ, ಹಿತ್ತಲಿನ ಮರದ ಒಳ್ಳೆಯ ಹಲಗೆಯಿಂದ ಕಾಳಿನ ಪೆಟ್ಟಿಗೆಯೊಂದನ್ನು ಮಾಡಿಸಿ, ಮಗಳ ಮನೆಗೆ ಕಳುಹಿಸುತ್ತಾನೆ. ಮುಚ್ಚಳ ಒಂದೇ ಅಗಲವಾದ ಹಲಗೆ. ಬಾಗದಿರಲಿ ಎಂದು ಒಳಗಡೆ ಎರಡು ಅಡ್ಡಪಟ್ಟಿ ಕೊಟ್ಟು ಸಾಲಾಗಿ ಮೊಳೆ ಹೊಡೆದಿದೆ. ನೋಡಿದವರೆಲ್ಲ 'ಭದ್ರವಾಗಿದೆ' ಎನ್ನುತ್ತಾರೆ. ಮಗಳು ಅದರಲ್ಲಿ ಮುಂದಿನ ಬಿತ್ತನೆಯ ಕಾಳನ್ನು ತುಂಬಿಡುತ್ತಾಳೆ. ಮಾರ್ಚಿ ತಿಂಗಳು ಬಂತು. ಒಂದು ಮಧ್ಯಾಹ್ನ ಮನೆಯೊಳಗೆ 'ಟಪ್' ಎಂದು ಸದ್ದು. ಮುಚ್ಚಳ ನಡುವೆ ಉದ್ದಕ್ಕೂ ಸೀಳಿದೆ. ಆ ಸೀಳಿನಲ್ಲಿ ಬೆಂಕಿಕಡ್ಡಿ ತೂರುತ್ತದೆ. ಬೆಂಕಿಕಡ್ಡಿ ತೂರುವ ಕಡೆ ಮೂತಿಹುಳು ತೂರದೇ? ಬಿತ್ತುವ ಹೊತ್ತಿಗೆ ಕಾಳೆಲ್ಲ ತೂತು. ಕೈಯಲ್ಲಿ ಹಿಡಿದರೆ ಹಿಟ್ಟು ಉದುರುತ್ತದೆ.

ಇದರಲ್ಲಿ ತಪ್ಪು ಯಾರದು? ಮರದ್ದೋ, ಆಚಾರಿಯದೋ, ಬಿಸಿಲಿನದೋ? 'ಕಣ್ಣು ಬಿತ್ತು' ಎನ್ನುವವರೂ ಉಂಟು. ಕಣ್ಣೂ ಅಲ್ಲ, ಕಾಟವೂ ಅಲ್ಲ. ಮರಕ್ಕೆ ಅಲುಗಲು ಎಡೆ ಕೊಡದೆ ಕಟ್ಟಿಹಾಕಿದ್ದೇ ತಪ್ಪು.

ಎರೆ ಹೊಲವನ್ನು ನೀವು ಬಲ್ಲಿರಿ. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುತ್ತದೆ. ಮಳೆ ಬಿದ್ದರೆ ಬಿರುಕು ತಾನಾಗಿ ಮುಚ್ಚಿಕೊಳ್ಳುತ್ತದೆ. ನೀರು ಕುಡಿದಾಗ ಮಣ್ಣು ಹಿಗ್ಗುತ್ತದೆ, ನೀರು ಬಿಟ್ಟಾಗ ಕುಗ್ಗುತ್ತದೆ. ಮರದ ಗುಣವೂ ಹೆಚ್ಚುಕಡಿಮೆ ಹಾಗೆಯೇ. ಬೇಸಿಗೆಯಲ್ಲಿ ಗಾಡಿಯ ಗಾಲಿ ಒಣಗಿ ಕಬ್ಬಿಣದ ಪಟ್ಟಿ ಸಡಿಲವಾಗುವುದು, ಆಗ ಗಾಡಿಯನ್ನು ಹಳ್ಳದ ನೀರಿನಲ್ಲಿ ನಿಲ್ಲಿಸುವುದು, ಮಳೆಗಾಲದಲ್ಲಿ ಬಾಗಿಲು ಹೊಸ್ತಿಲಿಗೆ ಸಿಕ್ಕಿಕೊಂಡು ಹೆಗಲು ಕೊಟ್ಟು ನೂಕಬೇಕಾಗುವುದು, ಇವೆಲ್ಲ ನೀವು ಕಂಡದ್ದೇ.

ಹಾಗಾದರೆ ಮರದೊಳಗೆ ನಡೆಯುವುದೇನು? ಜೋಳದ ದಂಟಿನ ಒಂದು ಸಿವುಡನ್ನು ಬಿಗಿಯಾಗಿ ಕಟ್ಟಿ ನಿಲ್ಲಿಸಿದಂತೆ ಮರದ ಒಳಗಟ್ಟು. ಕಣ್ಣಿಗೆ ಕಾಣದಷ್ಟು ಸಣ್ಣ ಕೊಳವೆಗಳು ಒಂದಕ್ಕೊಂದು ಅಂಟಿಕೊಂಡು ಬುಡದಿಂದ ತುದಿಯ ಕಡೆಗೆ ನಿಂತಿವೆ. ಇವೇ ನಾವು ಹೇಳುವ ಎಳೆ. ಹಸಿ ಮರದಲ್ಲಿ ನೀರು ಎರಡು ಕಡೆ ಇರುತ್ತದೆ. ಒಂದು, ಕೊಳವೆಯ ಟೊಳ್ಳಿನೊಳಗೆ ನಿಂತ ನೀರು. ಇನ್ನೊಂದು, ಕೊಳವೆಯ ಗೋಡೆ ಹೀರಿಕೊಂಡ ನೀರು. ಮರ ಕಡಿದಾಗ ಮೊದಲು ಹೋಗುವುದು ಟೊಳ್ಳಿನ ನೀರು. ಅದು ಹೋದರೆ ಮರ ಹಗುರವಾಗುತ್ತದೆಯೇ ಹೊರತು ಅಷ್ಟಾಗಿ ಕುಗ್ಗುವುದಿಲ್ಲ. ತೇವ ಶೇಕಡಾ ೩೦ರ ಸುಮಾರಿಗೆ ಇಳಿದ ಮೇಲೆ ಗೋಡೆಯ ನೀರು ಹೊರಡಲು ಮೊದಲಾಗುತ್ತದೆ. ಆಗ ಗೋಡೆ ತೆಳುವಾಗುತ್ತದೆ, ಹಲಗೆ ಕುಗ್ಗುತ್ತದೆ.

ಗೋಡೆ ತೆಳುವಾದರೆ ಸಿವುಡಿನ ಸುತ್ತಳತೆ ಕಡಿಮೆಯಾಗುತ್ತದೆ, ಉದ್ದ ಕಡಿಮೆಯಾಗುವುದಿಲ್ಲ. ಹಲಗೆಯೂ ಹಾಗೆಯೇ. ಅಗಲದಲ್ಲಿ ಕುಗ್ಗುತ್ತದೆ, ಉದ್ದದಲ್ಲಿ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಪೂರಾ ಹಸಿಯಿಂದ ಪೂರಾ ಒಣಗುವವರೆಗೆ ಉದ್ದದಲ್ಲಿ ಸಾವಿರಕ್ಕೆ ಒಂದೆರಡು ಪಾಲು ಕುಗ್ಗಿದರೆ ಹೆಚ್ಚು. ಅಗಲದಲ್ಲಾದರೋ, ಸಾಧುವಾದ ಮರವೆಂದು ಹೆಸರಾದ ತೇಗವೇ ನೂರಕ್ಕೆ ಐದಾರು ಪಾಲು ಕುಗ್ಗುತ್ತದೆ. 'ಉದ್ದ ನಿಂತಿರುತ್ತದೆ, ಅಗಲ ಅಲುಗುತ್ತದೆ' — ಈ ಒಂದು ಮಾತನ್ನು ನೆನಪಿಟ್ಟುಕೊಂಡರೆ ಇವತ್ತಿನ ಅರ್ಧ ಪಾಠ ಮುಗಿಯಿತು.

'ಒಣಗಿದ್ದು ಒಂದು ಸಲ ಒಣಗಿತಲ್ಲ, ಮತ್ತೇಕೆ ಅಲುಗುತ್ತದೆ?' ಅಂತ ಕೇಳಬಹುದು. ಮರಕ್ಕೆ ಗಾಳಿಯೊಡನೆ ಕೊಡುಕೊಳ್ಳುವ ವ್ಯವಹಾರ ಎಂದಿಗೂ ತೀರದು. ಗಾಳಿಯಲ್ಲಿ ತೇವ ಹೆಚ್ಚಿದರೆ ಹೀರುತ್ತದೆ, ಕಡಿಮೆಯಾದರೆ ಬಿಡುತ್ತದೆ. ಮಳೆ ಹಿಡಿದ ಮಲೆನಾಡಿನಲ್ಲಿ ಗಾಳಿಯ ತೇವ ಶೇಕಡಾ ೮೦-೯೦ ಇದ್ದು, ಅದು ವಾರಗಟ್ಟಲೆ ಹಾಗೆಯೇ ನಿಂತರೆ ಹಲಗೆಯ ತೇವ ಶೇಕಡಾ ೧೬-೨೦ರವರೆಗೆ ಏರುತ್ತದೆ. ಬಯಲುಸೀಮೆಯ ಬೇಸಿಗೆಯಲ್ಲಿ ಗಾಳಿಯ ತೇವ ಶೇಕಡಾ ೩೦-೪೦ಕ್ಕೆ ಇಳಿದಾಗ ಹಲಗೆಯ ತೇವವೂ ಶೇಕಡಾ ೬-೭ರ ಕಡೆಗೆ ಇಳಿಯುತ್ತದೆ. ನೂರು ವರ್ಷದ ಹಳೆಯ ತೊಲೆಯ ಮರಕ್ಕೂ ಈ ನಿಯಮ ತಪ್ಪಿದ್ದಲ್ಲ.

ಈಗ ಆ ಮಗಳ ಪೆಟ್ಟಿಗೆಯ ಲೆಕ್ಕ ಮಾಡಿ ನೋಡೋಣ. ತೇಗದ ಹಲಗೆಯಲ್ಲಿ ತೇವ ಶೇಕಡಾ ೫ ಇಳಿದರೆ ಅಗಲ ನೂರಕ್ಕೆ ಸುಮಾರು ಒಂದು ಪಾಲು ಕುಗ್ಗುತ್ತದೆ. ಮುಚ್ಚಳದ ಅಗಲ ಒಂದೂವರೆ ಅಡಿ, ಅಂದರೆ ೪೫೦ ಮಿಲಿಮೀಟರು. ಸಕಲೇಶಪುರದ ಮಳೆಯಲ್ಲಿ ಮಾಡಿದ್ದು ಚಿತ್ರದುರ್ಗದ ಬೇಸಿಗೆಗೆ ಬಂದು ತೇವ ಶೇಕಡಾ ೧೭ರಿಂದ ೭ಕ್ಕೆ ಇಳಿಯಿತು ಎನ್ನಿ. ಹತ್ತು ಇಳಿದರೆ ೯ ಮಿಲಿಮೀಟರು ಕುಗ್ಗಬೇಕು. ಅಂಗುಲದ ಮೂರನೆಯ ಒಂದು ಪಾಲು. ಆದರೆ ಅದಕ್ಕೆ ಹೊಡೆದ ಅಡ್ಡಪಟ್ಟಿಯ ಎಳೆ ಮುಚ್ಚಳದ ಅಗಲಕ್ಕೆ ನೇರವಾಗಿದೆ. ಪಟ್ಟಿಯ ಉದ್ದ ಕುಗ್ಗುವುದಿಲ್ಲ. ಮುಚ್ಚಳ ಒಳಗೆ ಸರಿಯಬೇಕೆನ್ನುತ್ತದೆ, ಎರಡು ಅಂಚಿನ ಮೊಳೆಗಳು ಬಿಡುವುದಿಲ್ಲ. ಸೌದೆ ಸೀಳುವಾಗ ಎಳೆಯ ಉದ್ದಕ್ಕೆ ಮರ ಎಷ್ಟು ಸುಲಭವಾಗಿ ಬಿಡುತ್ತದೆ ನೋಡಿದ್ದೀರಲ್ಲ? ಇಲ್ಲಿಯೂ ಅಷ್ಟೆ. ಮೊಳೆ ಸೋಲದಿದ್ದರೆ ಹಲಗೆ ಸೋಲುತ್ತದೆ.

'ಇನ್ನೂ ನಾಲ್ಕು ಮೊಳೆ ಹೆಚ್ಚು ಹೊಡೆದರಾಯಿತು' ಅಂತೀರೇನೋ. ಅದರಿಂದ ಕೇಡೇ ಹೆಚ್ಚು. ಮರದ ಬಲ ಸಾಮಾನ್ಯವಲ್ಲ. ಹಿಂದಿನ ಕಲ್ಲುಕುಟಿಗರು ಬಂಡೆಯ ತೂತುಗಳಿಗೆ ಒಣ ಮರದ ಗೂಟ ಬಡಿದು, ನೀರು ಹನಿಸಿ, ಹಿಗ್ಗುವ ಗೂಟದಿಂದಲೇ ಕಲ್ಲು ಸೀಳುತ್ತಿದ್ದರೆಂದು ಹೇಳುತ್ತಾರೆ. ಕಲ್ಲಿಗೇ ಬಗ್ಗದ ಬಲ ನಮ್ಮ ಮೊಳೆಗೆ ಬಗ್ಗೀತೇ?

ಆದ್ದರಿಂದ ಮರವನ್ನು ತಡೆಯಬಾರದು. ಅದು ಅಲುಗಲು ದಾರಿ ಮಾಡಿಕೊಡಬೇಕು. ಹೇಗೆ ಎಂಬುದನ್ನು ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಎರಡು ಅಡಿ ಎತ್ತರದ ಪೆಟ್ಟಿಗೆಯೊಂದನ್ನು ಎದುರಿಗಿಟ್ಟುಕೊಂಡು ಹೇಳ್ತೀನಿ. ಇದರಲ್ಲಿ ಸುಮಾರು ಎರಡು ಕ್ವಿಂಟಾಲು ರಾಗಿ ಹಿಡಿಯುತ್ತದೆ.

ಮೊದಲು ಹಲಗೆ. ಹಸಿ ಹಲಗೆಯಲ್ಲಿ ಪೆಟ್ಟಿಗೆ ಮಾಡಿಸಲೇಬೇಡಿ. ಕೊಯ್ಸಿದ ಹಲಗೆಗಳನ್ನು ಗಾಳಿಯಾಡುವ ನೆರಳಿನಲ್ಲಿ, ನೆಲದಿಂದ ಒಂದಡಿ ಮೇಲೆ, ಎರಡು ಹಲಗೆಗಳ ನಡುವೆ ಒಂದಂಗುಲದ ರೀಪುಗಳನ್ನು ಸಮದೂರದಲ್ಲಿಟ್ಟು ಒಟ್ಟಬೇಕು. ರೀಪುಗಳು ಮೇಲಿಂದ ಕೆಳಗೆ ಒಂದೇ ನೇರದಲ್ಲಿರಲಿ, ಇಲ್ಲದಿದ್ದರೆ ಹಲಗೆ ಡೊಂಕಾಗುತ್ತದೆ. ನೀರು ಎಲ್ಲಕ್ಕಿಂತ ಬೇಗ ಹೊರಡುವುದು ಹಲಗೆಯ ತುದಿಯಿಂದ. ಸೀಳು ಮೊದಲು ಕಾಣುವುದೂ ಅಲ್ಲಿಯೇ. ಆದ್ದರಿಂದ ತುದಿಗಳಿಗೆ ಬಣ್ಣವನ್ನೋ ಟಾರನ್ನೋ ಬಳಿಯಿರಿ. ಬಿಸಿಲಿಗೆ ಹಾಕಬೇಡಿ, ಮೈ ಒಣಗಿ ಒಳಗೆ ಹಸಿಯಿದ್ದರೆ ಹಲಗೆ ಬಿರಿಯುತ್ತದೆ. ಒಂದಂಗುಲ ಮಂದದ ಹಲಗೆಗೆ ಒಂದು ವರ್ಷ ಎಂಬುದು ಹಳಬರ ಲೆಕ್ಕ. ಒಣ ಸೀಮೆಯಲ್ಲಿ ಇನ್ನೂ ಬೇಗ ಆಗುವುದುಂಟು.

ಒಣಗಿತೋ ಇಲ್ಲವೋ ತಿಳಿಯುವುದು ಹೇಗೆ? ಒಂದು ಹಲಗೆಯನ್ನು ಗುರುತು ಮಾಡಿ ವಾರಕ್ಕೊಮ್ಮೆ ತೂಗಿ. ತೂಕ ಇಳಿಯುವುದು ನಿಂತರೆ ಹಲಗೆ ನಿಮ್ಮೂರ ಗಾಳಿಗೆ ಹೊಂದಿಕೊಂಡಿತು ಅಂತ ತಿಳಿಯಿರಿ. ತೇವದ ಲೆಕ್ಕವೇ ಬೇಕಾದರೆ ಹಲಗೆಯ ತುದಿಯಿಂದ ಒಳಕ್ಕೆ ಒಂದಡಿ ಬಿಟ್ಟು ಒಂದು ತುಂಡು ಕತ್ತರಿಸಿ ತೂಗಿ. ಅದನ್ನು ಸೀಯದಂತೆ ಕಾಯಿಸಿ, ತೂಕ ಇನ್ನು ಇಳಿಯದು ಎನ್ನುವವರೆಗೆ ಒಣಗಿಸಿ ಮತ್ತೆ ತೂಗಿ. ಮೊದಲು ೧೧೫ ಗ್ರಾಂ ಇದ್ದು ಕೊನೆಗೆ ೧೦೦ ಗ್ರಾಂ ನಿಂತರೆ ತೇವ ಶೇಕಡಾ ೧೫. ಊರೂರಿಗೆ ಈ ಲೆಕ್ಕ ಬೇರೆ ಬೇರೆ. ಅದಕ್ಕೇ ಭಾರತೀಯ ಮಾನಕದಲ್ಲಿ ನಮ್ಮ ದೇಶವನ್ನು ಗಾಳಿಯ ತೇವದ ಮೇಲೆ ನಾಲ್ಕು ವಲಯಗಳಾಗಿ ವಿಂಗಡಿಸಿದ್ದಾರೆ. ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರದ ವಿಜ್ಞಾನಕ್ಕೆಂದೇ ಒಂದು ಸಂಸ್ಥೆಯಿದೆ. ೧೯೩೮ರಲ್ಲಿ ಮೈಸೂರು ಸಂಸ್ಥಾನದ ಅರಣ್ಯ ಸಂಶೋಧನಾಲಯವಾಗಿ ಆರಂಭವಾದ ಅದು ೧೯೮೮ರಲ್ಲಿ ಈಗಿನ ರೂಪ ಪಡೆಯಿತು. ಮರ ಒಣಗಿಸುವ ವಿಚಾರ ಅಲ್ಲಿಯ ಅಧ್ಯಯನಗಳಲ್ಲಿ ಒಂದು.

ಹಲಗೆ ಆರಿಸುವಾಗ ತುದಿಯನ್ನು ನೋಡಿ. ವರ್ಷದ ಉಂಗುರದ ಗೆರೆಗಳು ನೆಟ್ಟಗೆ ನಿಂತಿದ್ದರೆ ಆ ಹಲಗೆ ಕಡಿಮೆ ಅಲುಗುತ್ತದೆ. ಗೆರೆಗಳು ಅಡ್ಡಡ್ಡ ಮಲಗಿದ್ದರೆ ಅದರ ಎರಡರಷ್ಟು ಅಲುಗುತ್ತದೆ, ದೋಣಿಯಂತೆ ಬಾಗಲೂಬಹುದು. ನೆಟ್ಟನೆಯ ಗೆರೆಯ ಹಲಗೆಯನ್ನು ಮುಚ್ಚಳಕ್ಕೆ ಮೀಸಲಿಡಿ. ತೊಗಟೆಯ ಕಡೆಯ ಬಿಳಿ ಮರವನ್ನು ತೆಗೆಸಿಬಿಡಿ. ಕುಟ್ಟೆಹುಳುವಿಗೆ ಅದೇ ಮೊದಲ ತುತ್ತು. ನೀಲಗಿರಿಯ ಮರ ಒಣಗುವಾಗ ಬಹಳ ಕುಗ್ಗಿ ಸೊಟ್ಟಗಾಗುತ್ತದೆ. ಪೆಟ್ಟಿಗೆಯ ಕೆಲಸಕ್ಕೆ ಅದು ತಕ್ಕುದಲ್ಲ.

ಇನ್ನು ನಾಲ್ಕು ಪಕ್ಕಗಳು. ನಾಲ್ಕರಲ್ಲೂ ಎಳೆ ಅಡ್ಡಲಾಗಿ, ಅಂದರೆ ನೆಲಕ್ಕೆ ಸಮವಾಗಿ ಪೆಟ್ಟಿಗೆಯ ಸುತ್ತ ಓಡಬೇಕು. ಆಗ ನಾಲ್ಕು ಪಕ್ಕಗಳೂ ಎತ್ತರದಲ್ಲಿ ಮಾತ್ರ ಹಿಗ್ಗಿ ಕುಗ್ಗುತ್ತವೆ. ಒಂದೇ ಜಾತಿಯ, ಒಂದೇ ಹದದ ಹಲಗೆಯಾದರೆ ನಾಲ್ಕೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತವೆ. ಜೊತೆಯ ಎತ್ತುಗಳು ಒಂದೇ ಹೆಜ್ಜೆ ಹಾಕಿದರೆ ನೊಗಕ್ಕೆ ನೋವಿಲ್ಲವಷ್ಟೆ. ಹಾಗಾಗಿ ಮೂಲೆಗಳಲ್ಲಿ ಬೆರಳಿಗೆ ಬೆರಳು ಹೆಣೆದಂತೆ ಹಲ್ಲು ಕತ್ತರಿಸಿ, ಅಂಟು ಹಾಕಿ ಬಿಗಿಯಾಗಿ ಕೂಡಿಸಬಹುದು. ಇಲ್ಲಿ ಬಿಗಿ ಮಾಡಿದರೆ ತಪ್ಪಿಲ್ಲ. ಹಲಗೆಯಲ್ಲಿ ಮರದ ತಿರುಳಿನ ಕಡೆಯ ಮೈ ಪೆಟ್ಟಿಗೆಯ ಹೊರಕ್ಕಿರಲಿ. ಒಣಗಿ ಬಾಗಿದರೂ ಅಂಚುಗಳು ಒಳಕ್ಕೆ ಒತ್ತುತ್ತವೆ, ಮೂಲೆಯ ಕೂಡಿಕೆ ಬಾಯಿ ಬಿಡುವುದಿಲ್ಲ.

ಆದರೆ ಮೂಲೆಗೆ ಭದ್ರವೆಂದು ಒಳಗಡೆ ನಿಲುವಾಗಿ ಮರದ ಪಟ್ಟಿಯನ್ನು ಅಂಟಿಸಿ ಮೊಳೆ ಹೊಡೆಸಬೇಡಿ. ಮೇಲಿನಿಂದ ಕೆಳಕ್ಕೆ ಕಬ್ಬಿಣದ ಪಟ್ಟಿ ಬಡಿಸುವಾಗಲೂ ಎಚ್ಚರವಿರಲಿ. ಎರಡು ಅಡಿ ಎತ್ತರದ ಪಕ್ಕ ತೇವ ಶೇಕಡಾ ೫ ಇಳಿದರೆ ೬ ಮಿಲಿಮೀಟರು ಇಳಿಯುತ್ತದೆ, ಕಬ್ಬಿಣ ಇಳಿಯುವುದಿಲ್ಲ. ಪಟ್ಟಿ ಬೇಕೇ ಬೇಕೆಂದರೆ ಮೇಲಿನ ತೂತನ್ನು ನಿಲುವಾಗಿ ಉದ್ದ ಮಾಡಿಸಿ, ತಿರುಪುಮೊಳೆ ಅದರಲ್ಲಿ ಜಾರುವಂತಿರಲಿ. ಸುತ್ತಲೂ ಅಡ್ಡಲಾಗಿ ಹಾಕುವ ಪಟ್ಟಿಗೆ ಈ ತೊಂದರೆಯಿಲ್ಲ.

ಮೂರನೆಯದು ತಳ. ತಳವನ್ನು ಒಂದೇ ಅಗಲದ ಹಲಗೆಯಿಂದ ಮಾಡಿ ಕೆಳಗಿನಿಂದ ಸುತ್ತ ಮೊಳೆ ಹೊಡೆಯುವುದು ನಮ್ಮಲ್ಲಿ ಬಹಳ ಕಂಡುಬರುವ ತಪ್ಪು. ಹಿಗ್ಗಿದಾಗ ತಳವು ಪಕ್ಕಗಳನ್ನೇ ಹೊರಕ್ಕೆ ನೂಕಿ ಮೂಲೆ ಬಿಡಿಸುತ್ತದೆ. ಕುಗ್ಗಿದಾಗ ತಾನೇ ಸೀಳುತ್ತದೆ. ಹೀಗೆ ಮಾಡಿಸಿ: ಪಕ್ಕದ ಹಲಗೆಗಳ ಒಳಮೈಯಲ್ಲಿ, ಕೆಳ ಅಂಚಿನಿಂದ ಎರಡು ಅಂಗುಲ ಮೇಲೆ, ಸುತ್ತಲೂ ಸಣ್ಣ ಕಾಲುವೆಯಂಥ ತೋಡು ತೆಗೆಸಿ. ಹಲಗೆ ಒಂದಂಗುಲ ಮಂದವಿದ್ದರೆ ತೋಡು ೧೦ ಮಿಲಿಮೀಟರು ಆಳವಿರಲಿ. ತಳಕ್ಕೆ ಅರ್ಧ ಅಡಿ ಅಗಲದ ತುಂಡು ಹಲಗೆಗಳನ್ನು ಮುಂದಿನಿಂದ ಹಿಂದಕ್ಕೆ ಅಡ್ಡಲಾಗಿ ಕೂರಿಸಿ. ಪ್ರತಿಯೊಂದರ ಅಂಚಿನಲ್ಲೂ ಅರ್ಧ ಮಂದ ತೆಗೆದು, ಒಂದರ ಅಂಚು ಇನ್ನೊಂದರ ಮೇಲೆ ಅರ್ಧ ಅಂಗುಲ ಕೂರುವಂತೆ ಮಾಡಿಸಿ. ಅಂಟು ಬೇಡ. ಹಲಗೆ ಕುಗ್ಗಿದರೂ ಅಂಚಿನ ಮೇಲೆ ಅಂಚು ಇರುವುದರಿಂದ ಕಾಳು ಸೋರುವುದಿಲ್ಲ.

ಎಡೆ ಎಷ್ಟು ಬಿಡಬೇಕು ಎಂಬುದು ಮಾಡಿಸುವ ಕಾಲದ ಮೇಲೆ ನಿಂತಿದೆ. ಬೇಸಿಗೆಯಲ್ಲಿ ಮಾಡಿಸಿದರೆ ಹಲಗೆ ಆಗ ಕುಗ್ಗಿರುತ್ತದೆ, ಮುಂದೆ ಹಿಗ್ಗಲಿದೆ; ಪ್ರತಿ ತುಂಡಿಗೂ ಒಂದೂವರೆ-ಎರಡು ಮಿಲಿಮೀಟರು ಎಡೆ ಬಿಡಿ. ಮಳೆಗಾಲದಲ್ಲಿ ಮಾಡಿಸಿದರೆ ಹಲಗೆ ಆಗಲೇ ಹಿಗ್ಗಿರುತ್ತದೆ, ಒತ್ತಾಗಿಯೇ ಕೂರಿಸಿ. ಕಾಳಿನ ಭಾರಕ್ಕೆ ತಳದ ಕೆಳಗೆ ಉದ್ದಕ್ಕೆ ಎರಡು ಗಟ್ಟಿ ರೀಪುಗಳಿರಲಿ. ತುಂಡುಗಳು ಒಂದೇ ಕಡೆಗೆ ಸರಿಯದಂತೆ ಪ್ರತಿಯೊಂದರ ಅಗಲದ ನಟ್ಟನಡುವೆ ರೀಪಿಗೆ ಒಂದೇ ಒಂದು ಮೊಳೆ ಸಾಕು. ನಡುವೆ ಹೊಡೆದರೆ ಎರಡು ಕಡೆಗೂ ಅಲುಗಲು ಬಿಡುವಿರುತ್ತದೆ. ಪ್ಲೈವುಡ್ ಸಿಕ್ಕುವ ಕಡೆ ತಳಕ್ಕೆ ಅದನ್ನೂ ಹಾಕಬಹುದು. ಅದರಲ್ಲಿ ಪದರಗಳ ಎಳೆ ಒಂದಕ್ಕೊಂದು ಅಡ್ಡವಾಗಿರುವುದರಿಂದ ಅಲುಗಾಟ ತೀರ ಕಡಿಮೆ. ಆದರೆ ನೀರು ತಾಕಬಾರದು.

ನಾಲ್ಕನೆಯದು ಮುಚ್ಚಳ. ಅಡ್ಡಪಟ್ಟಿ ಬೇಡವೆನ್ನಲಿಲ್ಲ, ಅದಿಲ್ಲದಿದ್ದರೆ ಮುಚ್ಚಳ ಬಾಗುತ್ತದೆ. ಆದರೆ ಅಂಟು ಹಾಕಬಾರದು, ಮೊಳೆಯನ್ನೂ ಹೊಡೆಯಬಾರದು. ಪಟ್ಟಿಯ ನಡುವೆ ಒಂದು ತಿರುಪುಮೊಳೆಯನ್ನು ಬಿಗಿಯಾಗಿ ಹಾಕಿಸಿ. ಎರಡು ತುದಿಗಳ ಕಡೆಯ ತೂತುಗಳನ್ನು ಪಟ್ಟಿಯ ಉದ್ದಕ್ಕೆ ಉದ್ದುದ್ದ ಮಾಡಿಸಿ, ಬಿಲ್ಲೆ ಇಟ್ಟು ತಿರುಪಿಸಿ. ತಿರುಪುಮೊಳೆ ಮುಚ್ಚಳವನ್ನು ಪಟ್ಟಿಗೆ ಒತ್ತಿ ಹಿಡಿದಿರುತ್ತದೆ, ಆದರೆ ಮುಚ್ಚಳದೊಡನೆ ಆಚೆಗೀಚೆಗೆ ಜಾರುತ್ತದೆ. ಪಟ್ಟಿಯ ಎರಡು ತುದಿಗಳಿಗೂ ಪೆಟ್ಟಿಗೆಯ ಪಕ್ಕಕ್ಕೂ ನಡುವೆ ಕಾಲಂಗುಲ ಬಿಡಿ. ಬೀಗದ ಕೊಂಡಿಯನ್ನೂ ಮರೆಯಬೇಡಿ. ಮುಚ್ಚಳ ಹಿಂದಿನ ತಿರುಗಣಿಯಿಂದ ಮುಂದಕ್ಕೆ ಹಿಗ್ಗಿದಾಗ ಕೊಂಡಿಯೂ ಮುಂದಕ್ಕೆ ಬರುತ್ತದೆ. ಕೊಂಡಿಯ ತೂತು ಸ್ವಲ್ಪ ದೊಡ್ಡದಾಗಿರಲಿ, ಇಲ್ಲದಿದ್ದರೆ ಆಷಾಢದಲ್ಲಿ ಬೀಗ ಕೂರದು.

ಎಣ್ಣೆ, ಬಣ್ಣ, ವಾರ್ನಿಷ್ ಬಳಿದರೆ ಅಲುಗಾಟ ನಿಲ್ಲುತ್ತದೆಯೇ? ನಿಲ್ಲುವುದಿಲ್ಲ, ನಿಧಾನವಾಗುತ್ತದೆ. ಅಷ್ಟೂ ಒಳ್ಳೆಯದೇ. ಒಂದು ದಿನದ ಮಳೆಗೋ ಒಂದು ದಿನದ ಬಿಸಿಗಾಳಿಗೋ ಹಲಗೆ ಬೆದರುವುದಿಲ್ಲ. ಮುಚ್ಚಳದ ಎರಡು ಮೈಗೂ ಸಮನಾಗಿ ಬಳಿಯಿರಿ. ಹೊರಗೆ ಮಾತ್ರ ಬಳಿದು ಒಳಗೆ ಬಿಟ್ಟರೆ ಒಂದು ಮೈ ನೀರು ಕುಡಿದು ಇನ್ನೊಂದು ಕುಡಿಯದೆ ಹಲಗೆ ಬಾಗುತ್ತದೆ. ಕಾಳು ತಾಕುವ ಕಡೆ ವಾಸನೆಯ ಬಣ್ಣ ಬೇಡ, ಪೂರಾ ಒಣಗುವ ಎಣ್ಣೆಯ ತೆಳು ಲೇಪ ಸಾಕು.

ತಾಯಂದಿರೇ, ಪೆಟ್ಟಿಗೆ ಮನೆಗೆ ಬಂದ ಮೇಲೆ ಅದನ್ನು ನೋಡಿಕೊಳ್ಳುವವರು ನೀವು. ಒಲೆಯ ಪಕ್ಕದಲ್ಲಿ ಇಡಬೇಡಿ, ಹಸಿ ಗೋಡೆಗೆ ಒರಗಿಸಬೇಡಿ. ಕೆಳಗೆ ಎರಡು ಕಲ್ಲು ಕೊಟ್ಟು ಗಾಳಿಯಾಡಲು ಬಿಡಿ. ಸರಿಯಾಗಿ ಒಣಗದ ಕಾಳು ತುಂಬಿದರೆ ಅದರ ತೇವವನ್ನು ಹಲಗೆಯ ಒಳಮೈ ಹೀರಿ ಹಿಗ್ಗುತ್ತದೆ. ಕಾಳೂ ಕೆಟ್ಟೀತು, ಪೆಟ್ಟಿಗೆಯೂ ಕೆಟ್ಟೀತು. ಕಾಳಿನ ತೇವ ಶೇಕಡಾ ೧೨ಕ್ಕೆ ಮೀರದಂತೆ ಒಣಗಿಸಿ, ತಣಿಸಿ, ಆಮೇಲೆ ತುಂಬಿ.

ಬೇಸಿಗೆಯಲ್ಲಿ ಕೂಡಿಕೆಯ ಸಂದು ಕಂಡಿತೆಂದು ಮರದ ಪುಡಿ, ಅಂಟು ಕಲಸಿ ಗಿಡಿಯುವುದುಂಟು. ಬೇಡಿ. ಮಳೆ ಬಂದಾಗ ಹಲಗೆ ಹಿಗ್ಗಲು ಜಾಗವಿರದೆ ಇನ್ನೊಂದು ಕಡೆ ಸೀಳುತ್ತದೆ. ಕೊಡಲಿಯ ಕಾವನ್ನು ನೀರಲ್ಲಿ ನೆನೆಸಿ ಬಿಗಿ ಮಾಡುತ್ತೇವಲ್ಲ, ಒಣಗಿದ ಮೇಲೆ ಅದು ಮೊದಲಿಗಿಂತ ಸಡಿಲವಾಗುವುದನ್ನು ಗಮನಿಸಿದ್ದೀರಾ? ಕಬ್ಬಿಣದ ಕಣ್ಣಿನೊಳಗೆ ಹಿಗ್ಗಲು ಜಾಗವಿಲ್ಲದೆ ಎಳೆಗಳು ಜಜ್ಜಿಹೋಗಿರುತ್ತವೆ. ಗಿಡಿದ ಸಂದಿನಲ್ಲಿಯೂ ಆಗುವುದು ಇದೇ. ಮುಚ್ಚಳ ನಿಜವಾಗಿ ಸೀಳಿದ್ದರೆ ಮೊದಲು ಅಡ್ಡಪಟ್ಟಿಯ ಮೊಳೆಗಳನ್ನು ಕೀಳಿಸಿ, ಎರಡು ಹೋಳುಗಳನ್ನು ಅಂಟು ಹಾಕಿ ಬಿಗಿದು ಕೂಡಿಸಿ, ಆಮೇಲೆ ಪಟ್ಟಿಯನ್ನು ನಾನು ಹೇಳಿದಂತೆ ಜಾರುವ ತೂತಿನಿಂದ ಹಾಕಿಸಿ. ಆ ಮಗಳ ಪೆಟ್ಟಿಗೆಗೂ ಇದೇ ಮದ್ದು. ಹೊಸ ಮುಚ್ಚಳ ಬೇಕಿಲ್ಲ.

ಆಚಾರಿ ಬಂದಾಗ ಅವರೊಡನೆ ಕೂತು ಮೂರು ಮಾತು ಕೇಳಿ. 'ಹಲಗೆ ಒಣಗಿದೆಯೇ? ಎಳೆ ಯಾವ ಕಡೆಗೆ ಓಡುತ್ತದೆ? ಮಳೆಗಾಲದಲ್ಲಿ ಇದು ಎಲ್ಲಿಗೆ ಹಿಗ್ಗಬೇಕು?' ಬಲ್ಲ ಆಚಾರಿಗೆ ಈ ಮಾತು ಕೇಳಿ ಸಂತೋಷವೇ ಆಗುತ್ತದೆ. ಹಳೆಯ ಮನೆಗಳ ಬಾಗಿಲನ್ನು ನೋಡಿ. ಚೌಕಟ್ಟಿನ ತೋಡಿನೊಳಗೆ ಹಲಗೆಯನ್ನು ಅಂಟಿಲ್ಲದೆ ಸಡಿಲವಾಗಿ ಕೂರಿಸಿರುತ್ತಾರೆ. ನಮ್ಮ ಹಿರಿಯರು ಶೇಕಡಾವಾರು ಲೆಕ್ಕ ಹಾಕಿರಲಿಲ್ಲ, ಆದರೆ ಮರದ ಮನಸ್ಸನ್ನು ಬಲ್ಲವರಾಗಿದ್ದರು.

ಮುಂದಿನ ಬಿತ್ತನೆಯ ಕಾಳು ಕೂರುವ ಜಾಗ ಅದು. ಹಲಗೆಗೆ ಒಂದು ಕಾಲಂಗುಲ ಬಿಡುವು ಕೊಡಿ. ಅದು ನಿಮ್ಮ ಬೀಜವನ್ನು ಕಾಯುತ್ತದೆ.